ಸಣ್ಣ ಕ್ಲಿನಿಕ್ಕಿಗೆ ಗೋಪ್ಯತೆ, ಒಪ್ಪಿಗೆಯ ನಿಯಮ ಬರೆಯುವಾಗ ಏನೇನು ಇರಬೇಕು?

ಟೋಕನ್ ಹನ್ನೆರಡು ಕೇಳಿದ್ದು:

ತಾಲ್ಲೂಕು ಕೇಂದ್ರದ ಕ್ಲಿನಿಕ್ ಒಂದಕ್ಕೆ ನಿಯಮಾವಳಿ ಬರೆಯುತ್ತಿದ್ದೇನೆ. ಇಬ್ಬರು ಡಾಕ್ಟರು, ಒಬ್ಬರು ಜನರಲ್ ಫಿಸಿಶಿಯನ್, ಇನ್ನೊಬ್ಬರು ಸ್ತ್ರೀರೋಗ ತಜ್ಞೆ. ದಿನಕ್ಕೆ 80ರಿಂದ 100 ಓಪಿ. ಒಳರೋಗಿ ಹಾಸಿಗೆ ಇಲ್ಲ. ಹೊಲಿಗೆ ಹಾಕುವುದು, ಕುರು ಕೊಯ್ಯುವುದು, ಕಾಪರ್-ಟಿ ಹಾಕುವುದು, ತೆಗೆಯುವುದು, ಡ್ರಿಪ್, ಇಂಜೆಕ್ಷನ್ ಇಷ್ಟು ನಡೆಯುತ್ತದೆ. ಕೌಂಟರಿನಲ್ಲಿ ಇಬ್ಬರು, ಒಳಗೆ ಇಬ್ಬರು ಸಿಸ್ಟರ್, ಪಕ್ಕಕ್ಕೇ ಮೆಡಿಕಲ್ ಶಾಪ್. ರಕ್ತ ತೆಗೆದು ಹೊರಗಿನ ಲ್ಯಾಬಿಗೆ ಕಳಿಸುತ್ತೇವೆ, ರಿಪೋರ್ಟ್ ವಾಟ್ಸಾಪಿನಲ್ಲಿ ಬರುತ್ತದೆ.

ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯ ನವೀಕರಣ ಹತ್ತಿರ ಬಂದಿದೆ. ಅದಕ್ಕಾಗಿ ಗೋಡೆಗೆ ಒಂದು ಬೋರ್ಡ್ ತೂಗುಹಾಕಿ ಸುಮ್ಮನಾಗುವ ಬದಲು ನಿಜವಾಗಿ ನಡೆಯುವ ನಿಯಮ ಬೇಕು. ಸದ್ಯ ಇರುವುದು ಒಂದೇ ಒಂದು ಫಾರ್ಮ್: ಮೊದಲ ಸಲ ಬಂದವರಿಂದ "ಇಲ್ಲಿ ನೀಡುವ ಎಲ್ಲಾ ಚಿಕಿತ್ಸೆಗಳಿಗೂ ನನ್ನ ಸಂಪೂರ್ಣ ಒಪ್ಪಿಗೆ ಇದೆ" ಅಂತ ಸಹಿ ಹಾಕಿಸಿಕೊಳ್ಳುವುದು. ಇದು ಸಾಲದು ಅನ್ನುವುದು ಗೊತ್ತು. ನನ್ನ ಪ್ರಶ್ನೆಗಳು:

1. ಲಿಖಿತ ಒಪ್ಪಿಗೆ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ? ಹೆಂಗಸರಿಗೆ ಗಂಡನ ಸಹಿ ಕೇಳುವ ರೂಢಿ ಬಿಡಬಹುದೇ?
2. ರೋಗಿಯ ಕಡೆಯವರು ಬಂದು ರಿಪೋರ್ಟ್ ಕೇಳಿದರೆ, ಫೋನ್ ಮಾಡಿ ಕೇಳಿದರೆ ಏನು ಮಾಡಬೇಕು?
3. ಪೊಲೀಸರು, ವಿಮೆಯವರು, ಕಂಪನಿಯ ಎಚ್‌ಆರ್ ಕೇಳಿದರೆ?
4. ಹಳೇ ಕೇಸ್ ಶೀಟುಗಳನ್ನು ಎಷ್ಟು ವರ್ಷ ಇಡಬೇಕು?
5. ಹೊಸ ಡೇಟಾ ಕಾಯ್ದೆ ನಮ್ಮಂಥ ಸಣ್ಣವರಿಗೂ ತಗುಲುತ್ತದೆಯೇ?

ಹಳೇ ಕಾಂಪೌಂಡರ್ ಉತ್ತರ:

ಫಾರ್ಮ್ ಬರೆಯುವುದನ್ನು ಒಂದು ವಾರ ಮುಂದಕ್ಕೆ ಹಾಕಿ, ಮೊದಲು ಕೌಂಟರ್ ಸರಿಮಾಡಿ. ಸಣ್ಣ ಕ್ಲಿನಿಕ್ಕಿನಲ್ಲಿ ಗುಟ್ಟು ಹೊರಹೋಗುವುದು ಹ್ಯಾಕರ್‌ಗಳಿಂದಲ್ಲ, ಕೌಂಟರಿನಿಂದ.

ಓಪಿ ರಿಜಿಸ್ಟರ್ ನೋಡಿ. ಉದ್ದನೆಯ ಪುಸ್ತಕ, ರೋಗಿಯ ಕಡೆಗೇ ತೆರೆದಿರುತ್ತದೆ. ಹೆಸರು, ವಯಸ್ಸು, ಊರು, ಫೋನ್, ಕೊನೆಯಲ್ಲಿ "ತೊಂದರೆ" ಅಂತ ಒಂದು ಕಾಲಂ. ಹನ್ನೆರಡನೆಯವನು ತನ್ನ ಹೆಸರು ಬರೆಸುವ ಹೊತ್ತಿಗೆ ಮೇಲಿನ ಹನ್ನೊಂದು ಜನರ ಸಾಲು ಅವನ ಕಣ್ಣಿಗೆ ಬಿದ್ದಿರುತ್ತದೆ, ಅದರಲ್ಲಿ ಇಬ್ಬರು ಅವನ ಕೇರಿಯವರೇ ಆಗಿರುತ್ತಾರೆ. "ತೊಂದರೆ" ಕಾಲಂ ಕಿತ್ತುಹಾಕಿ. ಅದನ್ನು ಬರೆಯಬೇಕಾದದ್ದು ಕೇಸ್ ಶೀಟಿನಲ್ಲಿ, ಬರೆಯಬೇಕಾದವರು ಡಾಕ್ಟರು. ಕೌಂಟರಿನವರಿಗೆ ಬೇಕಾದದ್ದು ಯಾವ ಡಾಕ್ಟರು, ಹೊಸಬರೋ ಹಳಬರೋ, ತುರ್ತೋ ಅಲ್ಲವೋ ಎಂಬ ಮೂರೇ ವಿಷಯ. ತುರ್ತು ತಿಳಿಯಲು "ಏನಾಗಿದೆ?" ಅನ್ನುವುದರ ಬದಲು "ಉಸಿರಾಟದ ತೊಂದರೆ, ಎದೆನೋವು, ರಕ್ತಸ್ರಾವ, ಜೋರು ಜ್ವರ ಇದ್ದರೆ ಹೇಳಿ, ಬೇರೆ ಏನಿದ್ದರೂ ಒಳಗೆ ಡಾಕ್ಟರಿಗೇ ಹೇಳಿ" ಅನ್ನಲಿ. ಸ್ತ್ರೀರೋಗ ತಜ್ಞೆ ಇರುವ ಕಡೆ ಈ ಒಂದು ವಾಕ್ಯದಿಂದಲೇ ಅರ್ಧ ಮುಜುಗರ ಕಡಿಮೆಯಾಗುತ್ತದೆ.

ಕರೆಯುವುದು ಟೋಕನ್ ನಂಬರಿನಲ್ಲಿ. ಓದು ಬಾರದವರಿಗೆ ಹೆಸರು ಕೂಗಬೇಕಾದೀತು, ಕೂಗಲಿ. ಆದರೆ "ಶುಗರ್ ಚೆಕ್ಕಿಗೆ ಬಂದವರು", "ಯೂರಿನ್ ಪ್ರೆಗ್ನೆನ್ಸಿ ಟೆಸ್ಟ್ ಯಾರದು" ಅಂತ ಕೂಗಬಾರದು. ಮಾದರಿ ಡಬ್ಬಿಯ ಮೇಲೆ ಓಪಿ ನಂಬರ್ ಮತ್ತು ಹೆಸರು ಬರೆದು, ಡಬ್ಬಿಯನ್ನು ಕಾಗದದ ಕವರಿನಲ್ಲಿಟ್ಟು ಕೊಡಿ. ಹಾಲಿನ ನಡುವೆ ಅದನ್ನು ಕೈಯಲ್ಲಿ ಹಿಡಿದು ನಡೆಯುವುದು ಯಾರಿಗೂ ಇಷ್ಟವಾಗುವುದಿಲ್ಲ.

ರಿಪೋರ್ಟುಗಳನ್ನು ತಟ್ಟೆಯಲ್ಲಿ ರಾಶಿ ಹಾಕಿ "ನಿಮ್ಮದು ಹುಡುಕಿಕೊಳ್ಳಿ" ಅನ್ನುವ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ. ಅಂಟಿಸಿದ ಕವರ್, ಹೊರಗೆ ಓಪಿ ನಂಬರ್ ಮಾತ್ರ. ಕೊಡುವಾಗ ಪೂರ್ಣ ಹೆಸರಿನ ಜೊತೆಗೆ ವಯಸ್ಸೋ ಊರೋ ಇನ್ನೊಂದು ಗುರುತು ಕೇಳಬೇಕು. ಒಂದೇ ಊರಿನಲ್ಲಿ ಮಂಜುನಾಥರು, ಲಕ್ಷ್ಮಮ್ಮಂದಿರು ಹತ್ತಾರು ಜನ ಇರುತ್ತಾರೆ.

ಈಗ ವಾಟ್ಸಾಪ್. ಸಿಬ್ಬಂದಿಯ ಸ್ವಂತ ಫೋನಿಗೆ ರಿಪೋರ್ಟ್ ಬರಲೇಬಾರದು. ಕೆಲಸ ಬಿಟ್ಟು ಹೋದ ಹುಡುಗನ ಗ್ಯಾಲರಿಯಲ್ಲಿ ವರ್ಷಗಟ್ಟಲೆ ರಿಪೋರ್ಟುಗಳು ಹಾಗೇ ಕೂತಿರುತ್ತವೆ. ಕ್ಲಿನಿಕ್ಕಿಗೇ ಒಂದು ಫೋನು, ಒಂದು ಸಿಮ್, ರಾತ್ರಿ ಬೀರುವಿನಲ್ಲಿ ಬೀಗ. ಅದರಲ್ಲಿ ಮಾಡಬೇಕಾದದ್ದು: ಫೋಟೋ ತಾನಾಗಿ ಗ್ಯಾಲರಿಗೆ ಸೇರುವುದನ್ನು ಆಫ್ ಮಾಡಿ, ಗೂಗಲ್ ಫೋಟೋಸ್ ಬ್ಯಾಕಪ್ ಆಫ್ ಮಾಡಿ, ಚಾಟ್ ಬ್ಯಾಕಪ್ ಇಡುವುದಾದರೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಆನ್ ಮಾಡಿ (ತಾನಾಗಿ ಆನ್ ಇರುವುದಿಲ್ಲ), ಎರಡು ಹಂತದ ಪಿನ್ ಹಾಕಿ, ವಾರಕ್ಕೊಮ್ಮೆ ಲಿಂಕ್ಡ್ ಡಿವೈಸಸ್ ತೆರೆದು ನೋಡಿ. ಅಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಕಂಡರೆ ತಕ್ಷಣ ಲಾಗೌಟ್.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಮ್ಮ ಕಡೆ ಮನೆಗೊಂದೇ ಸ್ಮಾರ್ಟ್‌ಫೋನ್ ಇರುವುದು ಸಾಮಾನ್ಯ, ಅದು ಮಗನ ಕೈಯಲ್ಲೋ ಗಂಡನ ಕೈಯಲ್ಲೋ ಇರುತ್ತದೆ. ಆದ್ದರಿಂದ ನೋಂದಣಿಯಲ್ಲಿ "ಫೋನ್ ನಂಬರ್?" ಒಂದೇ ಸಾಲದು. "ಈ ಫೋನ್ ಯಾರ ಹತ್ತಿರ ಇರುತ್ತದೆ? ರಿಪೋರ್ಟ್ ಇದಕ್ಕೆ ಕಳಿಸಬಹುದಾ, ನೀವೇ ಬಂದು ತಗೊಳ್ತೀರಾ?" ಅಂತ ಕೇಳಿ, ಉತ್ತರಕ್ಕೆ ಒಂದು ಟಿಕ್. ಗರ್ಭ ಪರೀಕ್ಷೆ, ಎಚ್‌ಐವಿ, ಲೈಂಗಿಕ ರೋಗ, ಮಾನಸಿಕ ಚಿಕಿತ್ಸೆ, ಇವುಗಳ ಫಲಿತಾಂಶ ವಾಟ್ಸಾಪಿನಲ್ಲಿ ಕಳಿಸುವುದೇ ಇಲ್ಲ ಎಂಬುದು ನಿಯಮವಾಗಲಿ, ರೋಗಿ ಕೇಳಿಕೊಂಡರೂ ಡಾಕ್ಟರು ಒಪ್ಪಿದ ಮೇಲೆ ಮಾತ್ರ.

ಫೋನಿನಲ್ಲಿ ಯಾರಾದರೂ ರಿಪೋರ್ಟ್ ಕೇಳಿದರೆ ಆ ಕರೆಯಲ್ಲೇ ಉತ್ತರಿಸಬೇಡಿ. ಇಟ್ಟು, ನಿಮ್ಮಲ್ಲಿ ನೋಂದಾಯಿಸಿದ ನಂಬರಿಗೆ ನೀವೇ ಮಾಡಿ. "ಅವರು ನಿಮ್ಮಲ್ಲಿಗೆ ಬಂದಿದ್ದರಾ?" ಅನ್ನುವುದೂ ಗೋಪ್ಯ ವಿಷಯವೇ, ಇದು ಕೌಂಟರಿನವರ ತಲೆಗೆ ಹೋಗುವುದು ಸ್ವಲ್ಪ ನಿಧಾನ. "ಬಂದಿದ್ದರು, ಆದರೆ ವಿವರ ಹೇಳುವ ಹಾಗಿಲ್ಲ" ಅಂದರೆ ಹೇಳಿಬಿಟ್ಟ ಹಾಗೇ ಆಯಿತು.

ಷರಾ ಬರೆಯುವವಳು ಉತ್ತರ:

ಒಪ್ಪಿಗೆಯ ಪ್ರಶ್ನೆಗೆ ಬರುತ್ತೇನೆ. ಟೋಕನ್ ಅವರೇ, "ಎಲ್ಲಾ ಚಿಕಿತ್ಸೆಗಳಿಗೂ ಸಂಪೂರ್ಣ ಒಪ್ಪಿಗೆ" ಅನ್ನುವ ಕಾಗದವನ್ನು ಹರಿದುಹಾಕಿ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಕೊಟ್ಟ ತೀರ್ಪು ಓದಿದ ಮೇಲೆ ಆ ಕಾಗದಕ್ಕೆ ಬೆಲೆ ಇಲ್ಲ ಅನ್ನುವುದು ಸ್ಪಷ್ಟವಾಗುತ್ತದೆ. ಪರೀಕ್ಷೆಗಾಗಿ ಲ್ಯಾಪರೋಸ್ಕೋಪಿಗೆ (ಹೊಟ್ಟೆಯೊಳಗೆ ಸಣ್ಣ ಕೊಳವೆ ಹಾಕಿ ನೋಡುವುದು) ಒಪ್ಪಿದ್ದ ಮಹಿಳೆ ಅರಿವಳಿಕೆಯಲ್ಲಿದ್ದಾಗ, ವೈದ್ಯರು ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಒಪ್ಪಿಗೆಯಲ್ಲ, ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕಳ ಪರವಾಗಿ ತಾಯಿ ಒಪ್ಪುವಂತಿಲ್ಲ, ಕಾಯಬಹುದಾದದ್ದನ್ನು ಕಾಯಲೇಬೇಕಿತ್ತು ಅಂತ ಕೋರ್ಟ್ ಹೇಳಿತು. ಜೀವಕ್ಕೆ ಅಪಾಯ ಇದ್ದು ಒಪ್ಪಿಗೆ ಕೊಡುವವರೇ ಇಲ್ಲದಿದ್ದರೆ ಮಾತು ಬೇರೆ. ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ಆಗ ವೈದ್ಯರ ಬೆನ್ನಿಗಿದೆ.

ನಿಮ್ಮ ಕ್ಲಿನಿಕ್ಕಿನ ಮಟ್ಟಿಗೆ ಹೀಗೆ ವಿಂಗಡಿಸಿ. ನಾಡಿ, ಬಿಪಿ, ಸ್ಟೆತಾಸ್ಕೋಪ್, ಗಂಟಲು ನೋಡುವುದಕ್ಕೆ ರೋಗಿ ಬಂದು ಕುರ್ಚಿಯಲ್ಲಿ ಕೂತದ್ದೇ ಒಪ್ಪಿಗೆ. ಎದೆ, ಜನನಾಂಗ, ಗುದ ಪರೀಕ್ಷೆಗೆ ಬಾಯಿಮಾತಿನಲ್ಲಿ ಕೇಳಿ, ಕೇಸ್ ಶೀಟಿನಲ್ಲಿ "ವಿವರಿಸಿ ಒಪ್ಪಿಗೆ ಪಡೆದಿದೆ, ಸಿಸ್ಟರ್ ಹಾಜರಿದ್ದರು" ಅಂತ ಒಂದು ಸಾಲು, ಸಿಸ್ಟರ್ ಹೆಸರಿನ ಸಮೇತ. ಗಂಡಸು ಡಾಕ್ಟರು ಹೆಂಗಸನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು ಎಂಬುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪಟ್ಟಿಯಲ್ಲೇ ಇದೆ. ಸಿಸ್ಟರ್ ಪರದೆಯ ಒಳಗೆ ಇರಬೇಕು, ಬಾಗಿಲಲ್ಲಿ ನಿಂತು ಮುಂದಿನ ಟೋಕನ್ ಕೂಗುತ್ತಾ ಇರುವುದಲ್ಲ.

ಕೊಯ್ಯುವುದು, ಹೊಲಿಗೆ, ಕಾಪರ್-ಟಿ, ಕೀಲಿಗೆ ಇಂಜೆಕ್ಷನ್, ಮರಗಟ್ಟಿಸುವ ಮದ್ದು, ಇವಕ್ಕೆ ಲಿಖಿತ ಒಪ್ಪಿಗೆ, ಒಂದೊಂದಕ್ಕೂ ಬೇರೆ ಬೇರೆ ಹಾಳೆ. ಒಂದೇ ಪುಟ, ದಪ್ಪ ಅಕ್ಷರ, ಆಡುವ ಕನ್ನಡ. ಕುರು ಕೊಯ್ಯುವ ಹಾಳೆಯಲ್ಲಿ ನಾನು ಹೀಗೆ ಬರೆಯುತ್ತೇನೆ:

"ನನ್ನ ಬಲ ತೊಡೆಯ ಮೇಲೆ ಕೀವು ತುಂಬಿದ ಕುರು ಇದೆ. ಸುತ್ತ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕೊಯ್ದು, ಕೀವು ತೆಗೆದು, ಒಳಗೆ ಬಟ್ಟೆ ತುಂಬುತ್ತಾರೆ. ಡ್ರೆಸಿಂಗಿಗೆ ಮತ್ತೆ ಮತ್ತೆ ಬರಬೇಕು. ನೋವು, ರಕ್ತ, ಮತ್ತೆ ಕೀವು ಕಟ್ಟುವುದು, ಕಲೆ ಉಳಿಯುವುದು ಆಗಬಹುದು. ಮದ್ದು ಅಲರ್ಜಿಯಾಗುವುದು ಅಪರೂಪ, ಆದರೂ ಆಯಿತೆಂದರೆ ಅಪಾಯ. ಕೊಯ್ಯದೆ ಮಾತ್ರೆ ಮಾತ್ರ ತೆಗೆದುಕೊಂಡರೆ ವಾಸಿಯಾಗುವ ಸಂಭವ ಕಡಿಮೆ ಎಂದು ತಿಳಿಸಿದ್ದಾರೆ. ಬೇಡ ಅನ್ನುವ ಹಕ್ಕು ನನಗಿದೆ, ಬೇಡ ಅಂದರೂ ಬೇರೆ ಚಿಕಿತ್ಸೆ ನಿಲ್ಲಿಸುವುದಿಲ್ಲ."

"ಬಲ ತೊಡೆ" ಅನ್ನುವುದನ್ನು ಕೈಯಲ್ಲೇ ತುಂಬಬೇಕು, ಎಡ-ಬಲ ಅಚ್ಚಾಗಿ ಇರಬಾರದು. ಕೆಳಗೆ ರೋಗಿಯ ಸಹಿ, ವಿವರಿಸಿದ ಡಾಕ್ಟರ ಸಹಿ, ಸಾಕ್ಷಿ, ದಿನಾಂಕ ಮತ್ತು ಗಂಟೆ. ಗಂಟೆ ಯಾಕೆ ಅಂದರೆ, ಕೊಯ್ದ ಮೇಲೆ ಸಹಿ ಹಾಕಿಸಿದ ಕಾಗದ ಒಪ್ಪಿಗೆಯೇ ಅಲ್ಲ. ಹೆಬ್ಬೆಟ್ಟಾದರೆ ಯಾವ ಕೈಯದು ಅಂತ ಬರೆದು, "ಓದಿ ಹೇಳಿದೆ" ಎಂದು ಓದಿದವರ ಹೆಸರು ಬೇಕು. ಸಾಕ್ಷಿ ಆದಷ್ಟು ರೋಗಿಯ ಕಡೆಯವರಾಗಲಿ. ತುಳು, ಉರ್ದು, ಲಂಬಾಣಿ ಮಾತಾಡುವವರಿಗೆ ಯಾರು ತರ್ಜುಮೆ ಮಾಡಿದರು ಎಂಬುದೂ ದಾಖಲಾಗಲಿ. ಸಹಿಗೆ ಮೊದಲು ಒಂದು ಪ್ರಶ್ನೆ ಕೇಳಿ: "ಈಗ ನಾವು ಏನು ಮಾಡ್ತೀವಿ, ನೀವೇ ಹೇಳಿ ನೋಡೋಣ." ಅವರ ಬಾಯಲ್ಲಿ ಬಂದರೆ ಅರ್ಥವಾಗಿದೆ. "ಹೂಂ ಸಾರ್, ನೀವ್ ಹೇಳ್ದಂಗೆ" ಅಂದರೆ ಆಗಿಲ್ಲ.

ಗಂಡನ ಸಹಿ ವಿಚಾರ. 2002ರ ವೈದ್ಯಕೀಯ ನಡವಳಿಕೆ ನಿಯಮಾವಳಿಯ 7.16ರಲ್ಲಿ, ಆಪರೇಷನ್ನಿಗೆ ಮೊದಲು ಯಾರ ಲಿಖಿತ ಒಪ್ಪಿಗೆ ಪಡೆಯಬೇಕು ಅನ್ನುವಲ್ಲಿ, ಗಂಡ ಅಥವಾ ಹೆಂಡತಿ, ಅಪ್ರಾಪ್ತರಾದರೆ ಪೋಷಕರು, ಇಲ್ಲವೇ ರೋಗಿಯೇ ಎಂಬ ಸಾಲಿದೆ. ಗೊಂದಲ ಹುಟ್ಟಿದ್ದೇ ಅಲ್ಲಿಂದ. 18 ದಾಟಿ ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸಿನ ವಿಷಯದಲ್ಲಿ ಅವಳ ಸಹಿಯೇ ಸಹಿ. ಕಾಪರ್-ಟಿಗೆ ಗಂಡನ ಒಪ್ಪಿಗೆ ಬೇಕಿಲ್ಲ, ಹಾಕಿಸಿದ್ದನ್ನು ಗಂಡನಿಗೆ ತಿಳಿಸುವ ಹಾಗೂ ಇಲ್ಲ. ಗರ್ಭಪಾತದ ಕಾಯ್ದೆಯಲ್ಲೂ ವಯಸ್ಕಳಾದರೆ ಅವಳೊಬ್ಬಳ ಒಪ್ಪಿಗೆ, ಅದೂ ನಮೂನೆ ಸಿಯಲ್ಲಿ. 2021ರ ತಿದ್ದುಪಡಿಯಿಂದ ಬಂದ 5ಎ ಕಲಂ ಪ್ರಕಾರ ಅವಳ ಹೆಸರು, ವಿವರ ಹೊರಬಿಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಗಂಡ ಜೊತೆಗೆ ಬಂದು ಕೂತರೆ ಬೇಡ ಅನ್ನಬೇಕಿಲ್ಲ. ಆದರೆ ಪ್ರತಿಯೊಬ್ಬ ಹೆಂಗಸಿಗೂ, ಹದಿಹರೆಯದ ಹುಡುಗಿಯರಿಗೂ ಎರಡು ನಿಮಿಷ ಒಬ್ಬರೇ ಡಾಕ್ಟರ ಜೊತೆ ಮಾತಾಡುವ ಅವಕಾಶ ನಿಯಮದಲ್ಲೇ ಇರಲಿ. "ಎಲ್ಲರಿಗೂ ಹೀಗೇ, ನೀವು ಸ್ವಲ್ಪ ಹೊರಗೆ ಕೂತಿರಿ" ಅಂದರೆ ಅತ್ತೆಯೂ ಜಗಳ ಮಾಡುವುದಿಲ್ಲ. ಒಬ್ಬರಿಗೆ ಮಾತ್ರ ಹಾಗಂದರೆ ಅನುಮಾನ ಶುರು.

18 ತುಂಬದವರಿಗೆ ಪ್ರೊಸೀಜರ್ ಮಾಡುವಾಗ ತಂದೆ, ತಾಯಿ ಅಥವಾ ಪೋಷಕರ ಸಹಿ. 12 ದಾಟಿದ ಮಕ್ಕಳನ್ನು ಬರೀ ಪರೀಕ್ಷಿಸಲು ಅವರನ್ನೂ ಕೇಳಿ ಒಪ್ಪಿಸಿಕೊಳ್ಳುವುದು ರೂಢಿ, ಬಲವಂತ ಮಾಡಬೇಡಿ.

ಪಿನ್‌ಕೋಡ್ 577 ಉತ್ತರ:

ಮೇಲಿನವರು ಬಿಟ್ಟ ಎಚ್‌ಐವಿ ವಿಷಯ ಸೇರಿಸುತ್ತೇನೆ, ಯಾಕೆಂದರೆ ಕ್ಲಿನಿಕ್ಕುಗಳು ಅತಿ ಹೆಚ್ಚು ಎಡವುವುದು ಇಲ್ಲೇ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಪರೀಕ್ಷೆಗೆ ಮೊದಲು ತಿಳಿವಳಿಕೆಯ ಒಪ್ಪಿಗೆ, ಮೊದಲೂ ಆಮೇಲೂ ಆಪ್ತ ಸಮಾಲೋಚನೆ ಬೇಕು. ಲ್ಯಾಬಿನವರ "ವೈರಲ್ ಮಾರ್ಕರ್ಸ್" ಪ್ಯಾಕೇಜಿನಲ್ಲಿ ಎಚ್‌ಐವಿಯೂ ಸೇರಿರುತ್ತದೆ, ಡಾಕ್ಟರು ಚೀಟಿಯಲ್ಲಿ ಒಂದು ಪದ ಬರೆದರೆ ಸಾಕು ರಕ್ತ ಹೋಗಿಬಿಡುತ್ತದೆ. ರೋಗಿಗೆ ಗೊತ್ತೇ ಇರುವುದಿಲ್ಲ. ಲ್ಯಾಬಿನ ನಮೂನೆಯಲ್ಲಿ ಎಚ್‌ಐವಿಗೆ ಪ್ರತ್ಯೇಕ ಟಿಕ್ ಮತ್ತು ಸಹಿ ಇರದಿದ್ದರೆ ಮಾದರಿ ಕಳಿಸಬಾರದು ಅಂತ ಸಿಸ್ಟರಿಗೆ ಹೇಳಿಡಿ. ಸಮಾಲೋಚನೆಗೆ ನಿಮ್ಮಲ್ಲಿ ಜನ ಇಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಗೆ (ಎಚ್‌ಐವಿ ಸಮಾಲೋಚನೆ, ಪರೀಕ್ಷೆಯ ಕೇಂದ್ರ) ಕಳಿಸಿ, ಅಲ್ಲಿ ಉಚಿತ.

ಫೈಲಿನ ಮೇಲೆ ಕೆಂಪು ಚುಕ್ಕಿ, ನಕ್ಷತ್ರ, "ಬಿ+" ಅಂತ ಸಂಕೇತ ಹಾಕುವ ಚಾಳಿ ಕೆಲವು ಕಡೆ ಇನ್ನೂ ಇದೆ. ಒಂದು ತಿಂಗಳಲ್ಲಿ ಕಸ ಗುಡಿಸುವವರಿಗೂ ಆ ಚುಕ್ಕಿಯ ಅರ್ಥ ತಿಳಿದಿರುತ್ತದೆ. ಕೈಗವಸು, ಸೂಜಿ ಡಬ್ಬಿ, ಬ್ಲೀಚ್ ಎಲ್ಲರಿಗೂ ಒಂದೇ ಥರ ಬಳಸಿದರೆ ಗುರುತು ಹಾಕುವ ಅಗತ್ಯವೇ ಬೀಳುವುದಿಲ್ಲ. ಸ್ಥಿತಿಯನ್ನು ಇನ್ನೊಬ್ಬರಿಗೆ ಹೇಳಲು ಲಿಖಿತ ಒಪ್ಪಿಗೆ ಬೇಕು; ಅದೇ ರೋಗಿಯನ್ನು ನೋಡುವ ಇನ್ನೊಬ್ಬ ವೈದ್ಯರಿಗೆ ಚಿಕಿತ್ಸೆಗೆ ಬೇಕಾದಷ್ಟು ಹೇಳಬಹುದು.

ಸಂಗಾತಿಗೆ ಹೇಳುವ ಪ್ರಶ್ನೆ ಬಂದರೆ 9ನೇ ಕಲಂ ನೋಡಿ. ಸಂಗಾತಿಗೆ ಸೋಂಕಿನ ಅಪಾಯ ಗಣನೀಯವಾಗಿರಬೇಕು, ನೀವೇ ಹೇಳಿ ಅಂತ ರೋಗಿಗೆ ಸಮಾಲೋಚನೆ ಮಾಡಿರಬೇಕು, ಅವರು ಹೇಳುವುದಿಲ್ಲ ಅನ್ನುವುದು ಖಚಿತವಾಗಿರಬೇಕು, "ನಾವು ಹೇಳುತ್ತೇವೆ" ಅಂತ ರೋಗಿಗೆ ಮೊದಲೇ ತಿಳಿಸಿರಬೇಕು. ಹೇಳುವವರು ವೈದ್ಯರು ಅಥವಾ ಸಮಾಲೋಚಕರು, ಅದೂ ಎದುರಾಎದುರು. ರೋಗಿ ಹೆಂಗಸಾಗಿದ್ದು, ಹೇಳಿದರೆ ಅವಳಿಗೆ ಹೊಡೆತ, ಮನೆಯಿಂದ ಹೊರಹಾಕುವ ಭಯ ಇದ್ದರೆ ಸಂಗಾತಿಗೆ ಹೇಳುವ ಹಾಗೇ ಇಲ್ಲ. ಕೌಂಟರಿನವರಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ.

5ನೇ ಪ್ರಶ್ನೆಗೆ: ಡೇಟಾ ಕಾಯ್ದೆ ಪೂರ್ತಿ ಜಾರಿಯಾಗಿದೆ. 250 ಕೋಟಿ ದಂಡ. ನಾಳೆಯೇ ಎಲ್ಲರಿಂದ ಹೊಸ ಒಪ್ಪಿಗೆ ಪಡೆಯಿರಿ.

ಸುತ್ತೋಲೆ ಉತ್ತರ:

ಪಿನ್‌ಕೋಡ್ ಅವರ ಎಚ್‌ಐವಿ ಭಾಗ ಸರಿ, ಕೊನೆಯ ಪ್ಯಾರಾ ಸರಿಯಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 2023ರದು, ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ನೋಟಿಸು, ಒಪ್ಪಿಗೆ, ಸುರಕ್ಷತೆಯ ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವಿದೆ, ಅಂದರೆ 2027ರ ಮೇ ತಿಂಗಳು. 250 ಕೋಟಿ ಎಂಬುದು ಸುರಕ್ಷತಾ ಕ್ರಮ ಕೈಗೊಳ್ಳದಿದ್ದಾಗಿನ ಗರಿಷ್ಠ ಮಿತಿ, ಪ್ರತಿ ತಪ್ಪಿಗೂ ಬೀಳುವ ದಂಡವಲ್ಲ. ಈ ಕಾಯ್ದೆಯಡಿಯ ದತ್ತಾಂಶ ರಕ್ಷಣಾ ಮಂಡಳಿ ತಪ್ಪಿನ ಸ್ವರೂಪ, ತೀವ್ರತೆ ನೋಡಿ ನಿರ್ಧರಿಸುತ್ತದೆ. ಹಾಗಂತ ಸಣ್ಣವರಿಗೆ ವಿನಾಯಿತಿ ಅಂತಲೂ ತಿಳಿಯಬೇಡಿ, ಕಂಪ್ಯೂಟರಿಗೆ ಏರಿಸಿದ ರೋಗಿ ವಿವರ ಇರುವ ಯಾರಿಗೇ ಆದರೂ ಕಾಯ್ದೆ ತಗುಲುತ್ತದೆ. ಬರೀ ಕಾಗದದ ರಿಜಿಸ್ಟರಿಗೆ ತಗುಲುವುದಿಲ್ಲ, ಅದನ್ನು ಸ್ಕ್ಯಾನ್ ಮಾಡಿದ ಕ್ಷಣದಿಂದ ತಗುಲುತ್ತದೆ.

ಕಾಯ್ದೆ ಕೇಳುವುದರಲ್ಲಿ ನಿಮಗೆ ಈಗಲೇ ಮಾಡಬಹುದಾದವು ಇವು. ಯಾವ ವಿವರ ಯಾಕೆ ತೆಗೆದುಕೊಳ್ಳುತ್ತೀರಿ ಎಂಬ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು. ನಿಮ್ಮಲ್ಲಿ ಕನ್ನಡ, ಉರ್ದು ಇದ್ದರೆ ಹೆಚ್ಚಿನವರಿಗೆ ಸಾಕು. ಒಪ್ಪಿಗೆ ಹಿಂಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕು. ಚಿಕಿತ್ಸೆಯ ಒಪ್ಪಿಗೆಯೊಳಗೆ "ಆರೋಗ್ಯ ಶಿಬಿರ, ಆಫರ್‌ಗಳ ಮೆಸೇಜ್ ಕಳಿಸಬಹುದು" ಅನ್ನುವುದನ್ನು ತುರುಕಬೇಡಿ, ಅದು ಬೇರೆ ಟಿಕ್. ಜೀವಕ್ಕೆ ಅಪಾಯದ ತುರ್ತಿನಲ್ಲಿ ಒಪ್ಪಿಗೆಗಾಗಿ ಕಾಯಬೇಕಿಲ್ಲ ಅಂತ 7ನೇ ಕಲಂ ಹೇಳುತ್ತದೆ.

ಸಾಫ್ಟ್‌ವೇರ್ ಮಾರಿದವರ ಜೊತೆ ಲಿಖಿತ ಕರಾರು ಇದೆಯಾ? ದೂರದಿಂದ ನಿಮ್ಮ ಕಂಪ್ಯೂಟರಿಗೆ ಹೊಕ್ಕು ರಿಪೇರಿ ಮಾಡುವವರಿಗೆ ಎಲ್ಲ ಫೈಲೂ ಕಾಣುತ್ತದೆ. ಹೊಕ್ಕಾಗ ನಿಮ್ಮವರೊಬ್ಬರು ಮುಂದೆ ಕೂತಿರಲಿ, ಮುಗಿದ ಮೇಲೆ ಪಾಸ್‌ವರ್ಡ್ ಬದಲಾಗಲಿ. ಎಲ್ಲರಿಗೂ ಒಂದೇ ಲಾಗಿನ್, ಪಾಸ್‌ವರ್ಡ್ ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ, ಇದು ಎಲ್ಲ ಕಡೆ ಕಾಣುವ ದೃಶ್ಯ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಕೊಡಿ, ಬಿಲ್ ಹಾಕುವವರಿಗೆ ರೋಗದ ವಿವರ ಕಾಣದ ಹಾಗೆ. ಯಾರು ಯಾವ ಫೈಲ್ ತೆರೆದರು ಎಂಬ ಲಾಗ್ ಕನಿಷ್ಠ ಒಂದು ವರ್ಷ ಉಳಿಯಬೇಕು. ಮಾಹಿತಿ ಸೋರಿದರೆ ರೋಗಿಗೂ ಮಂಡಳಿಗೂ ತಡಮಾಡದೆ ತಿಳಿಸಿ, 72 ಗಂಟೆಯೊಳಗೆ ಮಂಡಳಿಗೆ ಪೂರ್ಣ ವಿವರ ಕೊಡಬೇಕಾಗುತ್ತದೆ.

ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆ ಕೇಳಿ, ಕಡ್ಡಾಯ ಮಾಡಬೇಡಿ. 14 ಅಂಕಿಯ ಆ ಸಂಖ್ಯೆ ಸ್ವಇಚ್ಛೆಯದು. ಅದು ಇಲ್ಲ, ಆಧಾರ್ ಇಲ್ಲ ಅಂತ ಟೋಕನ್ ನಿರಾಕರಿಸಬಾರದು. ಗೋಡೆಯ ಕ್ಯೂಆರ್ ಸ್ಕ್ಯಾನ್ ಮಾಡಿ ನೋಂದಾಯಿಸಿದರೂ ಹೋಗುವುದು ಹೆಸರು, ವಯಸ್ಸಿನಂಥ ವಿವರ. ಹಳೇ ರಿಪೋರ್ಟ್ ನೋಡಲು ಬೇರೆ ಕೋರಿಕೆ ಕಳಿಸಬೇಕು, ರೋಗಿ ತನ್ನ ಆ್ಯಪಿನಲ್ಲಿ ಎಷ್ಟು ದಿನಕ್ಕೆ, ಯಾವ ದಾಖಲೆ ಅಂತ ಆರಿಸಿ ಒಪ್ಪಬೇಕು. ಕೌಂಟರಿನ ಹುಡುಗ ರೋಗಿಯ ಫೋನು ಇಸಕೊಂಡು ತಾನೇ "ಒಪ್ಪಿದೆ" ಒತ್ತುವುದು ಒಪ್ಪಿಗೆಯಲ್ಲ.

ಇನ್ನು ಹೊರಗಿನವರು ಕೇಳಿದಾಗ. 2002ರ ನಿಯಮಾವಳಿಯ 7.14ರ ಪ್ರಕಾರ ರೋಗಿಯ ಗುಟ್ಟು ಹೇಳಬಹುದಾದದ್ದು ಮೂರೇ ಸಂದರ್ಭದಲ್ಲಿ: ನ್ಯಾಯಾಧೀಶರ ಆದೇಶ, ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. (2023ರಲ್ಲಿ ಬಂದ ಹೊಸ ನಿಯಮಾವಳಿಯನ್ನು ಅದೇ ಆಗಸ್ಟಿನಲ್ಲಿ ತಡೆಹಿಡಿದರು, ಹಾಗಾಗಿ 2002ರದ್ದೇ ಲೆಕ್ಕ.) ಕ್ಷಯ ಬಂದರೆ ಸರ್ಕಾರದ ನಿಕ್ಷಯ್ ಪೋರ್ಟಲಿನಲ್ಲಿ ನಮೂದಿಸಲು ರೋಗಿಯ ಒಪ್ಪಿಗೆ ಬೇಕಿಲ್ಲ, ಆದರೆ "ಹೀಗೆ ತಿಳಿಸುತ್ತೇವೆ, ಆರೋಗ್ಯ ಇಲಾಖೆಯವರು ಫೋನ್ ಮಾಡಬಹುದು" ಅಂತ ಮೊದಲೇ ಹೇಳಿ. ಹೇಳದಿದ್ದರೆ ಮನೆ ಬಾಗಿಲಿಗೆ ಆಶಾ ಕಾರ್ಯಕರ್ತೆ ಬಂದ ದಿನ ನಿಮ್ಮ ಮೇಲೆ ನಂಬಿಕೆ ಹೋಗುತ್ತದೆ.

ಪೇದೆ ಬಂದು ಬಾಯಲ್ಲಿ ಕೇಳಿದರೆ ಕೂರಿಸಿ ಕಾಫಿ ಕೊಡಿ, ಮಾಹಿತಿ ಕೊಡಬೇಡಿ. ಠಾಣೆಯ ಸೀಲು, ಅಪರಾಧ ಸಂಖ್ಯೆ, ಏನು ಬೇಕು ಎಂಬುದಿರುವ ಲಿಖಿತ ಕೋರಿಕೆ ಬೇಕು. ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನ ನೋಟಿಸು ಸಾಮಾನ್ಯ. ಕೇಳಿದಷ್ಟೇ ಪುಟಗಳ ದೃಢೀಕೃತ ನಕಲು ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಮೂಲ ಕೊಡಲೇಬೇಕಾದರೆ ಮಹಜರು ಆಗಲಿ, ಒಂದು ಪ್ರತಿ ನಿಮ್ಮಲ್ಲಿ ಉಳಿಯಲಿ. 18 ತುಂಬದ ಹುಡುಗಿ ಗರ್ಭಿಣಿಯಾಗಿದ್ದರೆ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ) ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ನಿಮ್ಮ ಹೊಣೆ, ಇಲ್ಲಿ ಗೋಪ್ಯತೆಯ ನೆಪ ನಡೆಯುವುದಿಲ್ಲ. ಆದರೆ ಅವಳು ಗರ್ಭಪಾತಕ್ಕೆ ಬಂದಿದ್ದು, ಅವಳೂ ಪೋಷಕರೂ ಕೇಳಿಕೊಂಡರೆ ಆ ವರದಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿದೆ.

ಎಚ್‌ಆರ್ ಫೋನ್ ಮಾಡಿ "ಆ ಸರ್ಟಿಫಿಕೇಟ್ ನಿಜವಾ?" ಅಂದರೆ, ರೋಗಿಯ ಲಿಖಿತ ಒಪ್ಪಿಗೆ ತೋರಿಸಿದರೆ ಮಾತ್ರ ಹೌದು ಅಥವಾ ಅಲ್ಲ, ರೋಗದ ವಿವರ ಇಲ್ಲ. ಸರ್ಟಿಫಿಕೇಟ್ ಯಾವಾಗಲೂ ರೋಗಿಯ ಕೈಗೆ. ಅದರ ಮೇಲೆ ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ವಿಳಾಸ, ಒಂದು ಗುರುತಿನ ಮಚ್ಚೆ ಇರಬೇಕು, ನಕಲು ನಿಮ್ಮಲ್ಲಿ, ವಿವರ ಸರ್ಟಿಫಿಕೇಟ್ ರಿಜಿಸ್ಟರಿನಲ್ಲಿ. ವಿಮೆಯವರಿಗೂ ಇದೇ: ರೋಗಿಯ ಸಹಿ ಇರುವ ಒಪ್ಪಿಗೆ ಪತ್ರ, ಆ ಕ್ಲೈಮಿಗೆ ಸಂಬಂಧಿಸಿದ ಪುಟಗಳು ಮಾತ್ರ. ಮೊಣಕಾಲಿನ ಕ್ಲೈಮಿಗೆ ಹತ್ತು ವರ್ಷದ ಹಿಂದಿನ ಹೆರಿಗೆ ಫೈಲು ಯಾಕೆ?

ಹಳೇ ಕಾಂಪೌಂಡರ್:

4ನೇ ಪ್ರಶ್ನೆ ಉಳಿಯಿತು. "ಮೂರು ವರ್ಷ" ಅಂತ ಎಲ್ಲರೂ ಹೇಳುತ್ತಾರೆ, ಆದರೆ 2002ರ ನಿಯಮಾವಳಿಯಲ್ಲಿ ಅದು ಒಳರೋಗಿಗಳ ದಾಖಲೆಗೆ, ಚಿಕಿತ್ಸೆ ಆರಂಭವಾದ ದಿನದಿಂದ. ನಿಮ್ಮ ಓಪಿ ಕೇಸ್ ಶೀಟಿಗೂ ಅದನ್ನೇ ಕನಿಷ್ಠ ಅಂತ ಇಟ್ಟುಕೊಳ್ಳಿ. ಸ್ಕ್ಯಾನ್ ಇದ್ದರೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯ ನಮೂನೆ ಎಫ್ ಎರಡು ವರ್ಷ, ಎಂಟಿಪಿ (ಗರ್ಭಪಾತದ) ರಿಜಿಸ್ಟರ್ ಆ ಕ್ಯಾಲೆಂಡರ್ ವರ್ಷ ಮುಗಿದ ಮೇಲೆ ಐದು ವರ್ಷ, ಬೀಗದೊಳಗೆ. ಕೇಸು ನಡೆಯುತ್ತಿರುವ ಯಾವ ಕಾಗದವನ್ನೂ ಮುಟ್ಟಬೇಡಿ. ರೋಗಿ ತನ್ನ ದಾಖಲೆ ಕೇಳಿದರೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ನಕಲು ಕೊಡಬೇಕು. "ಡಾಕ್ಟರು ರಜದಲ್ಲಿದ್ದಾರೆ" ಅನ್ನುವುದು ಕಾರಣವಲ್ಲ.

ಅವಧಿ ಮುಗಿದವನ್ನು ಗುಜರಿಗೆ ಕೆಜಿ ಲೆಕ್ಕದಲ್ಲಿ ಹಾಕಬೇಡಿ. ಸಂತೆಯಲ್ಲಿ ಕಡಲೆಕಾಯಿ ಪೊಟ್ಟಣ ಬಿಚ್ಚಿದಾಗ ಯಾರದೋ ಗರ್ಭಕೋಶದ ಸ್ಕ್ಯಾನ್ ರಿಪೋರ್ಟ್ ಕಾಣುವುದು ಹಾಗೆ. ಚೂರು ಮಾಡುವ ಯಂತ್ರ ಕೊಳ್ಳಿ, ಎರಡು ದಿಕ್ಕಿಗೂ ಕತ್ತರಿಸುವಂಥದ್ದು. ಉದ್ದ ಪಟ್ಟಿಯಾಗಿ ಕತ್ತರಿಸುವುದನ್ನು ಮತ್ತೆ ಜೋಡಿಸಬಹುದು.

ಟೋಕನ್ ಹನ್ನೆರಡು:

ತುಂಬಾ ಉಪಯೋಗವಾಯಿತು. ಕೌಂಟರಿನ ಮುಂದೆ ಹಾಕುವ ಬೋರ್ಡಿಗೆ ಇಷ್ಟು ಬರೆದಿದ್ದೇನೆ, ತಿದ್ದಿ:

"ರೋಗಿಯ ವೈಯಕ್ತಿಕ ಮಾಹಿತಿಯ ಗೋಪ್ಯತೆಯನ್ನು ಕಾಪಾಡಲಾಗುವುದು. ಅನಧಿಕೃತ ವ್ಯಕ್ತಿಗಳಿಗೆ ಮಾಹಿತಿಯನ್ನು ಬಹಿರಂಗಪಡಿಸಲಾಗುವುದಿಲ್ಲ. ಸಹಕರಿಸಿ."

ಇನ್ನೊಂದು ಪ್ರಶ್ನೆ: "ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಬೇಡಿ, ನಮಗೆ ಮಾತ್ರ ಹೇಳಿ" ಅನ್ನುವ ಮಕ್ಕಳಿಗೆ ಏನು ಉತ್ತರ?

ಷರಾ ಬರೆಯುವವಳು:

ಮಕ್ಕಳು ಹಾಗೆ ಕೇಳುವುದು ಪ್ರೀತಿಯಿಂದಲೇ. ಆದರೆ ರಿಪೋರ್ಟ್ ಅಮ್ಮನದು. ಈ ಪ್ರಶ್ನೆಯನ್ನು ರಿಪೋರ್ಟ್ ಬಂದ ಮೇಲೆ ಕೇಳಬಾರದು, ಬಯಾಪ್ಸಿಗೆ ಬರೆಯುವ ದಿನವೇ ಅಮ್ಮನನ್ನೇ ಕೇಳಬೇಕು: "ಫಲಿತಾಂಶ ಬಂದಾಗ ನಿಮಗೆ ನೇರ ಹೇಳಲಾ, ಜೊತೆಗೆ ಯಾರಾದರೂ ಇರಬೇಕಾ, ಅಥವಾ ಮಗನಿಗೆ ಹೇಳಿದರೆ ಸಾಕಾ?" ಎಷ್ಟೋ ಜನ "ಮಗನಿಗೇ ಹೇಳಿ, ಅವನು ನೋಡ್ಕೊಳ್ತಾನೆ" ಅನ್ನುತ್ತಾರೆ. ಅದೂ ಅವರ ತೀರ್ಮಾನವೇ, ಅವರ ಮಾತಿನಲ್ಲೇ ಕೇಸ್ ಶೀಟಿನಲ್ಲಿ ಬರೆದುಕೊಳ್ಳಿ. ಹಾಗೆ ಹೇಳದಿದ್ದರೆ ಮಗನಿಗೆ ಮೊದಲು ಹೇಳುವ ಅಧಿಕಾರ ನಿಮಗಿಲ್ಲ. ನೋಂದಣಿ ಕಾರ್ಡಿನಲ್ಲೇ "ನನ್ನ ವಿಷಯ ಇವರಿಗೆ ಹೇಳಬಹುದು" ಎಂಬ ಒಂದು ಗೆರೆ ಇರಲಿ, "ಯಾರಿಗೂ ಬೇಡ" ಅನ್ನುವ ಆಯ್ಕೆಯೂ ಇರಲಿ. ರೋಗಿ ಒಬ್ಬರೇ ಇರುವಾಗ ತುಂಬಿಸಿ.

ಬೋರ್ಡಿನ ಭಾಷೆ ಕಚೇರಿಯದು, ಯಾರೂ ಓದುವುದಿಲ್ಲ. ಹೀಗೆ ಮಾಡಿ:

"ನಿಮ್ಮ ಕಾಯಿಲೆಯ ವಿಷಯ ನಿಮ್ಮನ್ನು ಕೇಳದೆ ನಿಮ್ಮ ಮನೆಯವರಿಗೂ ಹೇಳುವುದಿಲ್ಲ. ಕಾನೂನು ಹೇಳಲೇಬೇಕು ಅಂದಾಗ ಮಾತ್ರ ಹೇಳುತ್ತೇವೆ, ಹೇಳುವ ಮೊದಲು ನಿಮಗೆ ತಿಳಿಸುತ್ತೇವೆ. ಡಾಕ್ಟರ ಹತ್ತಿರ ಒಬ್ಬರೇ ಮಾತಾಡಬೇಕಿದ್ದರೆ ಕೌಂಟರಿನಲ್ಲಿ ಈ ಹಸಿರು ಕಾರ್ಡ್ ಎತ್ತಿಕೊಳ್ಳಿ, ಕಾರಣ ಹೇಳಬೇಕಿಲ್ಲ. ನಿಮ್ಮ ದಾಖಲೆಯ ನಕಲು ಕೇಳಿದರೆ 72 ಗಂಟೆಯೊಳಗೆ ಕೊಡುತ್ತೇವೆ."

ಸುತ್ತೋಲೆ:

"ಹೇಳುವ ಮೊದಲು ನಿಮಗೆ ತಿಳಿಸುತ್ತೇವೆ" ಅನ್ನುವುದಕ್ಕೆ "ಸಾಧ್ಯವಾದಾಗ" ಸೇರಿಸಿ. ಮನೆಯವರಿಂದಲೇ ಮಗುವಿಗೆ ಹಿಂಸೆಯಾಗಿರುವ ಪ್ರಕರಣದಲ್ಲಿ ಜೊತೆಗೆ ಬಂದವರಿಗೆ ಮೊದಲೇ ತಿಳಿಸಿದರೆ ಮಗುವಿಗೇ ಅಪಾಯ. ಬೋರ್ಡಿನ ಕೆಳಗೆ ದೂರು ಯಾರಿಗೆ ಅಂತ ಒಬ್ಬರ ಹೆಸರು, ಫೋನ್ ನಂಬರ್ ಇರಲಿ. ಹಸಿರು ಕಾರ್ಡ್ ಒಳ್ಳೆಯ ಉಪಾಯ, ಆದರೆ ಹೆಂಗಸರು ಮಾತ್ರ ಎತ್ತಿಕೊಳ್ಳುವ ವಸ್ತುವಾದರೆ ಒಂದು ವಾರದಲ್ಲಿ ಎಲ್ಲರಿಗೂ ಅದರ ಅರ್ಥ ಗೊತ್ತಾಗುತ್ತದೆ, ಪಿನ್‌ಕೋಡ್ ಅವರು ಹೇಳಿದ ಕೆಂಪು ಚುಕ್ಕಿಯ ಹಾಗೆ. ಎಲ್ಲ ಟೋಕನ್ನಿನ ಹಿಂಬದಿಯಲ್ಲೂ ಒಂದು ಚೌಕ ಅಚ್ಚು ಹಾಕಿಸಿ. ಒಬ್ಬರೇ ಮಾತಾಡಬೇಕಾದವರು ಅದರ ಮೂಲೆ ಮಡಚಿ ಡಾಕ್ಟರಿಗೆ ಕೊಟ್ಟರೆ ಸಾಕು.